ಔಷಧದ ಅಭಾವವಿದ್ದಾಗ ಆನ್‌ಲೈನ್ ಮಳಿಗೆಯೋ, ಹತ್ತಿರದ ಅಂಗಡಿಯೋ?

ದಿನವೂ ತಪ್ಪದೆ ತೆಗೆದುಕೊಳ್ಳಬೇಕಾದ ಮಾತ್ರೆ ಮಾರುಕಟ್ಟೆಯಲ್ಲಿ ಸಿಗದ ದಿನಗಳಲ್ಲಿ ಎರಡೂ ಬಗೆಯ ಸೇವೆಗಳನ್ನು ಬಳಸಿರುವ ನಾನು, ಮೊದಲು ಹೋಗಬೇಕಾದದ್ದು ಫಾರ್ಮಾಸಿಸ್ಟ್ ಎದುರಿಗೇ ಸಿಗುವ ಅಂಗಡಿಗೆ ಎಂಬ ನಿರ್ಧಾರಕ್ಕೆ ಬಂದಿದ್ದೇನೆ.

ಹಲವು ಗೋದಾಮುಗಳ ದಾಸ್ತಾನನ್ನು ಕುಳಿತಲ್ಲಿಯೇ ನೋಡಬಹುದಾದದ್ದು ಆನ್‌ಲೈನ್ ಮಳಿಗೆಯ ದೊಡ್ಡ ಅನುಕೂಲ. ಆದರೆ ಅಭಾವ ತೀವ್ರವಾದಾಗ, ಲಭ್ಯವಿದೆ ಎಂದು ತೋರಿಸಿ ಹಣ ಪಡೆದ ಆರ್ಡರನ್ನು ಎರಡು ದಿನ ಬಿಟ್ಟು ರದ್ದುಪಡಿಸುವುದುಂಟು. ಹಣವೇನೋ ವಾಪಸು ಬರುತ್ತದೆ, ಕಳೆದ ಎರಡು ದಿನಗಳು ಬರುವುದಿಲ್ಲ; ಮೂರ್ಛೆರೋಗದ ಮಾತ್ರೆ ನುಂಗುವವರಿಗೆ ಆ ಅಂತರವೇ ಅಪಾಯಕಾರಿ.

ಒಳ್ಳೆಯ ಫಾರ್ಮಾಸಿಸ್ಟ್, ಔಷಧ ಇಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವುದಿಲ್ಲ. ವಿತರಕರನ್ನು ಕೇಳುತ್ತಾರೆ, ಅದೇ ಔಷಧ ಬೇರೆ ಪ್ರಮಾಣದಲ್ಲಿ ಇದೆಯೇ ಎಂದು ನೋಡಿ ವೈದ್ಯರೊಂದಿಗೆ ಮಾತನಾಡುತ್ತಾರೆ. ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್‌ನ 100 ಮೈಕ್ರೊಗ್ರಾಮಿನ ಮಾತ್ರೆ ಇಲ್ಲದಿದ್ದರೆ 50ರ ಎರಡು ಮಾತ್ರೆಗಳಿಂದ ಕೆಲಸ ಸಾಗಬಹುದು; ಕಂಪನಿ ಬದಲಾದರೆ ಆರರಿಂದ ಎಂಟು ವಾರಗಳ ಬಳಿಕ, ಥೈರಾಯ್ಡ್ ಹಾರ್ಮೋನ್ ಸಾಕಷ್ಟಿದೆಯೇ ಎಂದು ತೋರಿಸುವ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕಾಗುತ್ತದೆ. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಯನ್ನು ಕೇಳದೆ ಮುರಿದು ಅರ್ಧ ನುಂಗಬಾರದು, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧದ ಕಂಪನಿಯನ್ನಾಗಲಿ ರೂಪವನ್ನಾಗಲಿ ವೈದ್ಯರಿಗೆ ತಿಳಿಸದೆ ಬದಲಿಸಬಾರದು. ಇಂಥ ಎಚ್ಚರಿಕೆಗಳನ್ನು ನಮ್ಮ ಚೀಟಿಯನ್ನು ನೋಡಿ ಹೇಳುವವರು ಬೇಕು, ಪರದೆಯ ಮೇಲೆ ತಾನಾಗಿ ಮೂಡುವ ಬದಲಿ ಔಷಧಗಳ ಪಟ್ಟಿಯನ್ನು ನಾನು ನಂಬುವುದಿಲ್ಲ.

ಇನ್ಸುಲಿನ್ ವಿಷಯದಲ್ಲಂತೂ ನನಗೆ ಅನುಮಾನವೇ ಇಲ್ಲ. ಬಳಸಲು ತೆರೆಯುವವರೆಗೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು. ಪಾರ್ಸೆಲ್ಲಿನೊಳಗೆ ಐಸ್ ಪ್ಯಾಕ್‌ಗೆ ಒತ್ತಿಕೊಂಡು ಹೆಪ್ಪುಗಟ್ಟಿದ ಸೀಸೆ ಕರಗಿದ ಮೇಲೆ ಕಣ್ಣಿಗೆ ಸರಿಯಾಗಿಯೇ ಕಂಡರೂ ಅದನ್ನು ಬಳಸುವಂತಿಲ್ಲ, ದಾರಿಯಲ್ಲಿ ಏನಾಯಿತೆಂದು ಪಡೆದವರಿಗೆ ತಿಳಿಯುವುದೂ ಇಲ್ಲ. ಅಂಗಡಿಯ ಫ್ರಿಜ್ಜಿನಿಂದ ತೆಗೆದುಕೊಟ್ಟದ್ದನ್ನು ನೇರವಾಗಿ ಮನೆಯ ಫ್ರಿಜ್ಜಿಗೆ ಸೇರಿಸಬಹುದು.

ಅಭಾವವಿರುವಲ್ಲಿ ನಕಲಿಯೂ ನುಸುಳುತ್ತದೆ. ಮಧುಮೇಹಕ್ಕೂ ತೂಕ ಇಳಿಸಲೂ ಬಳಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿಗೆ ಬೇಡಿಕೆ ಪೂರೈಕೆಯನ್ನು ಮೀರಿದ ಬಳಿಕ, ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಅದರ ನಕಲಿ ಬ್ಯಾಚ್‌ಗಳ ಬಗ್ಗೆ ಎಚ್ಚರಿಕೆ ನೀಡಿತು. ಎಲ್ಲೂ ಇಲ್ಲದ ಔಷಧ, ಪರವಾನಗಿಯನ್ನೂ ವಿಳಾಸವನ್ನೂ ತೋರಿಸದ, ಚೀಟಿ ಕೇಳದ ಜಾಲತಾಣದಲ್ಲಿ ಮಾತ್ರ ಧಾರಾಳವಾಗಿ ಸಿಗುತ್ತಿದ್ದರೆ ಅಲ್ಲಿಂದ ಕೊಳ್ಳಲೇಬಾರದು.

ಹೊರಗೆ ಓಡಾಡಲಾಗದ ರೋಗಿಗಳಿಗೆ ಮನೆಬಾಗಿಲಿಗೆ ಬರುವ ಸೇವೆ ನಿಜವಾದ ಆಸರೆ. ಪರವಾನಗಿ ಇರುವ ಮಳಿಗೆಯಿಂದ, ಕೈಯಲ್ಲಿ ಇನ್ನೂ ಎರಡು ವಾರದ ಮಾತ್ರೆಗಳಿರುವಾಗಲೇ ತರಿಸಿ, ಸ್ಟ್ರಿಪ್ ಮೇಲಿನ ಬ್ಯಾಚ್ ಸಂಖ್ಯೆ ಬಿಲ್ಲಿನದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಂಡರೆ, ಕೋಣೆಯ ಉಷ್ಣತೆಯಲ್ಲಿ ಕೆಡದ ಸಾಮಾನ್ಯ ಮಾತ್ರೆಗಳಿಗೆ ಆ ಸೇವೆಯನ್ನು ನಾನೂ ಶಿಫಾರಸು ಮಾಡುತ್ತೇನೆ.