ಟ್ರೈನರ್ ಮೇಲಿನ ಬೆವರೋ, ಹುಲ್ಲುಗಾವಲಿನ ಕೆಸರೋ?

ಬೆಲ್ಜಿಯಂನ ಲ್ಯೂವೆನ್‌ಗೆ ಕೆಲಸಕ್ಕೆ ಬಂದ ಮೊದಲ ಚಳಿಗಾಲದಲ್ಲೇ ನನಗೆ ಸೈಕ್ಲೋಕ್ರಾಸ್ ಹುಚ್ಚು ಹಿಡಿಯಿತು. ಇಲ್ಲಿಗೆ ಹತ್ತಿರದ ಬಾಲ್ ಎಂಬ ಹಳ್ಳಿಯಲ್ಲಿ ಜನವರಿ 1ರಂದು ಈ ಆಟದ ಹಳೆಯ ಚಾಂಪಿಯನ್ ಸ್ವೆನ್ ನೈಸ್ ಹೆಸರಿನ ರೇಸ್ ನಡೆಯುತ್ತದೆ. ಹೊಸ ವರ್ಷದ ದಿನ ಊರಿಗೂರೇ ಕೆಸರಲ್ಲಿ ನಿಂತು ಕೂಗುತ್ತದೆ. ಉಡುಪಿ ಕಡೆಯ ಕೆಸರುಗದ್ದೆ ಆಟ ನೋಡಿ ಬೆಳೆದ ನನಗೆ ಚಳಿಯೊಂದು ಬಿಟ್ಟರೆ ಹೊಸತೇನೂ ಕಾಣಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರೋಡ್ ಸೈಕಲ್ಲಿನಂಥ ಬಾಗಿದ ಹ್ಯಾಂಡಲ್, ಹಲ್ಲಿರುವ ಟೈರ್. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ನಿಯಮದಂತೆ ಟೈರಿನ ಅಗಲ 33 ಮಿಲಿಮೀಟರ್ ದಾಟುವಂತಿಲ್ಲ. ಕೆಸರು, ಮರಳು, ಹುಲ್ಲಿನ ಏರು, ನಡುವೆ 40 ಸೆಂಟಿಮೀಟರ್ ಎತ್ತರದವರೆಗಿನ ಅಡ್ಡ ಹಲಗೆಗಳು. ಇಳಿದು, ಸೈಕಲ್ ಎತ್ತಿಕೊಂಡು ದಾಟಿ, ಮತ್ತೆ ಹತ್ತಬೇಕು. ನುರಿತವರಿಗೆ ಸುಮಾರು ಒಂದು ಗಂಟೆಯ ರೇಸ್. ನಾನು ಓಡಿಸುವುದು 40 ನಿಮಿಷದ್ದು.

ನನಗೆ ವಾರದಲ್ಲಿ ಸಿಗುವುದು ಎರಡು ಸಂಜೆ. ಡಿಸೆಂಬರಿನಲ್ಲಿ ಐದು ಗಂಟೆಗೆ ಮೊದಲೇ ಕತ್ತಲು. ಆ ಎರಡು ಸಂಜೆ ಎಲ್ಲಿ ಕಳೆಯಬೇಕು ಅನ್ನೋದೇ ಪ್ರಶ್ನೆ.

2023ರ ಚಳಿಗಾಲ ಪೂರ್ತಿ ಟ್ರೈನರ್‌ಗೆ, ಅಂದರೆ ಮನೆಯೊಳಗೆ ಸೈಕಲ್ ಬಿಗಿದು ನಿಂತಲ್ಲೇ ತುಳಿಯುವ ಸ್ಟ್ಯಾಂಡಿಗೆ ಕೊಟ್ಟೆ. 40 ಸೆಕೆಂಡ್ ಜೀವ ಹೋಗುವಂತೆ ತುಳಿಯುವುದು, 20 ಸೆಕೆಂಡ್ ಉಸಿರು. ಹೀಗೆ ಹತ್ತು ಸಲ, ಅಂಥ ಮೂರು ಸುತ್ತು. ಸ್ನಾನವೂ ಸೇರಿ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಇಪ್ಪತ್ತು ನಿಮಿಷ ತುಳಿಯುವ ನನ್ನ ಸರಾಸರಿ ಶಕ್ತಿ 225 ವ್ಯಾಟ್‌ನಿಂದ 248ಕ್ಕೆ ಏರಿತು. ಎದೆ ಉಬ್ಬಿಸಿಕೊಂಡು ರೇಸಿಗೆ ಹೋದೆ. ಸ್ಟಾರ್ಟ್ ಚೆನ್ನಾಗಿಯೇ ಆಯಿತು. ಏರಿನಲ್ಲಿ ನಾಲ್ಕು ಜನರನ್ನು ಹಿಡಿದೆ, ಹಲಗೆ ಬಳಿ ಐದು ಜನರಿಗೆ ಬಿಟ್ಟುಕೊಟ್ಟೆ. ಪ್ರತಿ ಸುತ್ತಿನಲ್ಲೂ ಇದೇ ಕತೆ.

ತಪ್ಪು ಕಾಲಿನದ್ದಲ್ಲ. ಟ್ರೈನರ್ ಮೇಲೆ ಸೈಕಲ್ ಬಿಗಿದು ಕೂತಿರುತ್ತದೆ. ಕೈಗೆ ಕೆಲಸವಿಲ್ಲ, ಕಣ್ಣಿಗೂ ಇಲ್ಲ. ಕೆಸರಿನಲ್ಲಿ ಪ್ರತಿ ತಿರುವಿಗೂ ತುಳಿಯುವುದು ಪೂರ್ತಿ ನಿಲ್ಲುತ್ತದೆ, ಮರುಕ್ಷಣ ಪೂರ್ತಿ ಜೋರಾಗುತ್ತದೆ. ಅದೂ ಹಿಂದಿನ ಚಕ್ರ ಜಾರುತ್ತಿರುವಾಗ.

ನಡುವೆ ಒಂದು ತಿಂಗಳು ಓಡುವ ಅಭ್ಯಾಸವನ್ನೂ ಮಾಡಿ ನೋಡಿದೆ. ಹಿಮ್ಮಡಿ ಮೇಲಿನ ನರ ಹಿಡಿದುಕೊಂಡು ಎರಡು ವಾರ ಮೆಟ್ಟಿಲು ಹತ್ತಲೂ ಕಷ್ಟವಾಯಿತು. ಅಲ್ಲದೆ ಓಟದ ಶೂ ಬೇರೆ, ಬಗ್ಗದ ಅಡಿಯ ಕ್ರಾಸ್ ಶೂ ಬೇರೆ. ಸೈಕಲ್ ಹೆಗಲಿಗೆ ಹಾಕಿಕೊಂಡು ದಿಬ್ಬ ಹತ್ತಿದರೆ ಉಪಯೋಗ, ಸುಮ್ನೆ ರಸ್ತೆಯಲ್ಲಿ ಓಡಿದರೆ ಅಷ್ಟಕ್ಕಷ್ಟೆ.

2024ರಲ್ಲಿ ಎರಡೂ ಸಂಜೆ ಹೊರಗೆ ಹೋದೆ. ಕಾಡಿನ ಅಂಚಿನಲ್ಲಿ ಒಂದು ಕ್ಲಬ್ಬಿನ ಹುಲ್ಲುಗಾವಲಿದೆ. ಎರಡು ಹಲಗೆ ನೆಟ್ಟು, ತಲೆಗೆ ಲೈಟ್ ಕಟ್ಟಿಕೊಂಡು, 1.1 ಕಿಲೋಮೀಟರಿನ ಸುತ್ತು ಮಾಡಿಕೊಂಡೆ. ಮೊದಲ ಮೂರು ವಾರ ಬರೀ ಇಳಿಯುವುದು, ಹತ್ತುವುದು. ಚೈನು ಬಲಗಡೆ ಇರುವುದರಿಂದ ಇಳಿಯುವುದು ಎಡಗಡೆಗೆ. ಬಲಗಾಲು ಹಿಂದಿನಿಂದ ಈಚೆ ಬರಬೇಕು, ಎಡಗಾಲು ಪೆಡಲ್‌ನಿಂದ ಕೊನೆಗೆ ಬಿಡಬೇಕು, ಸೈಕಲ್ ನಿಲ್ಲಲೇಬಾರದು. ಹತ್ತುವಾಗ ತೊಡೆಯ ಒಳಭಾಗ ಸೀಟಿಗೆ ತಾಗುವಂತೆ ಜಾರಿ ಕೂರಬೇಕು. ನೇರ ಮೇಲೆ ಹಾರಿ ಬಿದ್ದರೆ ಏನಾಗುತ್ತದೆ ಅಂತ ಗಂಡಸರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಭಯಕ್ಕೆ ಹತ್ತುವ ಮೊದಲು ಕಾಲು ತಾನಾಗಿಯೇ ಎರಡು ಕುಪ್ಪಳ ಹಾಕುತ್ತದೆ. ಆ ಕುಪ್ಪಳ ಬಿಡಿಸುವುದಕ್ಕೇ ನನಗೆ ಪೂರ್ತಿ ಅಕ್ಟೋಬರ್ ಬೇಕಾಯಿತು. ಸ್ವೆನ್ ನೈಸ್ ಹಲಗೆಗಳ ಮೇಲೆ ಸೈಕಲ್ ಸಮೇತ ಹಾರಿ ಹೋಗುತ್ತಿದ್ದರು. ನಾನೂ ಒಂದು ಸಲ ಹಾಗೆ ಹಾರಿ ನೋಡಿದೆ. ಹಿಂದಿನ ರಿಮ್ ಸೊಟ್ಟಗಾಯಿತು.

ಟೈರಿನ ಗಾಳಿ ಅರ್ಥವಾಗಿದ್ದೂ ಇಲ್ಲೇ. ನನ್ನ ತೂಕ 70 ಕಿಲೋ. ಗಾಳಿಯ ಒತ್ತಡ 2 ಬಾರ್ ಇದ್ದಾಗ ತಿರುವುಗಳಲ್ಲಿ ಸೋಪಿನ ಮೇಲೆ ಹೋದ ಹಾಗಿತ್ತು. 1.4ಕ್ಕೆ ಇಳಿಸಿದ ಮೇಲೆ ಟೈರು ನೆಲ ಕಚ್ಚಿತು. ಇನ್ನೂ ಇಳಿಸಿದರೆ ಬೇರಿಗೆ ರಿಮ್ ಬಡಿಯುತ್ತದೆ.

ಈಗ ಲೆಕ್ಕ. ಅಕ್ಟೋಬರಿನಲ್ಲಿ ಒಂದು ಸುತ್ತಿಗೆ 4 ನಿಮಿಷ 22 ಸೆಕೆಂಡ್, ಡಿಸೆಂಬರಿನಲ್ಲಿ 3 ನಿಮಿಷ 51. ಅದೇ ಡಿಸೆಂಬರಿನಲ್ಲಿ ಟ್ರೈನರ್ ಮೇಲೆ ಅಳೆದರೆ 241 ವ್ಯಾಟ್! ಅಂದರೆ ಶಕ್ತಿ ಇಳಿದಿತ್ತು, ವೇಗ ಏರಿತ್ತು. ಮಳೆಗೆ ನೆಲ ಇನ್ನೂ ಹದಗೆಟ್ಟಿತ್ತು ಅನ್ನೋದನ್ನೂ ಸೇರಿಸಿಕೊಳ್ಳಿ.

ತೊಂದರೆಗಳೂ ಕಮ್ಮಿ ಏನಲ್ಲ. ಒಂದು ಗಂಟೆ ಅಭ್ಯಾಸಕ್ಕೆ ಇನ್ನೊಂದು ಗಂಟೆ ತೊಳೆಯುವ ಕೆಲಸ. ಒಮ್ಮೆ ಸ್ನಾನದ ತೊಟ್ಟಿಯಲ್ಲಿ ಸೈಕಲ್ ತೊಳೆದು ಮೋರಿ ಕಟ್ಟಿಕೊಂಡಿತು, ಮನೆ ಮಾಲೀಕರ ಹತ್ತಿರ ಮಾತು ಕೇಳಿದ್ದಾಯಿತು.

ಇಷ್ಟಾದರೂ ಟ್ರೈನರ್ ಮಾರಲಿಲ್ಲ. ಕಾರಣ ಕೊಕ್ಸೈಡೆ. ಸಮುದ್ರದ ಬದಿಯ ಆ ಊರಿನ ಮರಳುದಿಬ್ಬಗಳು ಈ ಆಟದಲ್ಲಿ ಹೆಸರುವಾಸಿ. ಜನವರಿಯಲ್ಲಿ ರೈಲು ಹತ್ತಿ ಹೋಗಿ ಅಲ್ಲಿನ ಮರಳಿನಲ್ಲಿ ಸೈಕಲ್ ಇಳಿಸಿದೆ. ಹಳೇ ಚಕ್ರದ ಜಾಡು ಹಿಡಿಯಬೇಕು, ಕೈ ಸಡಿಲ ಬಿಡಬೇಕು, ಎಲ್ಲ ಸರಿ. ಆದರೆ ತುಳಿತ ಒಂದು ಕ್ಷಣ ಕಮ್ಮಿಯಾದರೂ ಚಕ್ರ ಹೂತು ನಿಲ್ಲುತ್ತದೆ. ಮೂವತ್ತು ಮೀಟರ್‌ಗೆ ನಾನು ನಿಂತೆ. ಅಲ್ಲಿ ಬೇಕಾಗಿದ್ದು ಹಿಂದಿನ ವರ್ಷದ ಆ ಏಳು ವ್ಯಾಟ್, ಅದಕ್ಕಿಂತ ಜಾಸ್ತಿಯೇ.

ಹಾಗಾಗಿ ಈಗ ಮಂಗಳವಾರ ಟ್ರೈನರ್, ಗುರುವಾರ ಹುಲ್ಲುಗಾವಲು. ಸಮಯ ಒಂದೇ ಸಂಜೆಗೆ ಇಳಿದರೆ ಮಂಗಳವಾರವನ್ನೇ ಬಿಡುತ್ತೇನೆ. ಸೈಕಲ್ ಈಗ ಕ್ಲಬ್ಬಿನ ನಲ್ಲಿಯಲ್ಲೇ ತೊಳೆದುಕೊಂಡು ಬರುತ್ತೇನೆ.