ಹತ್ತು ನಿಮಿಷ ಓಡಿದ ಗ್ರಾಫಿಕ್ಸ್ ಕಾರ್ಡ್: ಹಳೆಯ ಬಿಡಿಭಾಗ ಕೊಳ್ಳುವವರಿಗೆ ಎಚ್ಚರಿಕೆ

ಕಡಿಮೆ ಖರ್ಚಿನಲ್ಲಿ ಗೇಮಿಂಗ್ ಕಂಪ್ಯೂಟರ್ ಸಿದ್ಧಪಡಿಸಿಕೊಳ್ಳಲು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಿರುವವರು ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಮಾರುವವರು ತಮ್ಮ ಮನೆಯಲ್ಲಿ ಹತ್ತು ನಿಮಿಷ ಓಡಿಸಿ ತೋರಿಸಿದ ಕಾರ್ಡನ್ನು ಪರೀಕ್ಷೆಯಾಯಿತೆಂದು ನಂಬಬೇಡಿ. ಮುಂದೆ ತಕರಾರು ಬಂದರೆ ಆ ಹತ್ತು ನಿಮಿಷವೇ ಅವರ ಪರವಾದ ಸಾಕ್ಷಿಯಾಗುತ್ತದೆ.

ಅಣ್ಣನ ಮಗನ ಕಂಪ್ಯೂಟರಿನಲ್ಲಿ ನಾಲ್ಕನೆಯ ತಲೆಮಾರಿನ ಕೋರ್ ಐ5 ಪ್ರೊಸೆಸರ್ ಇತ್ತು. ಅದಕ್ಕೆ ಎಎಂಡಿ ಕಂಪನಿಯ ಒಂದು ರೇಡಿಯಾನ್ ಆರ್‌ಎಕ್ಸ್ 580, 8 ಜಿಬಿ ಮೆಮೊರಿಯ ಕಾರ್ಡ್ ಹಾಕಿದರೆ ಅವನ ಆಟಗಳಿಗೆ ಸಾಕು ಎಂಬುದು ನಮ್ಮ ಲೆಕ್ಕಾಚಾರ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹೇಳಿದ ಬೆಲೆಗಿಂತ ಸುಮಾರು ಸಾವಿರ ರೂಪಾಯಿ ಕಡಿಮೆಗೆ, ಅಂದರೆ 6,500 ರೂಪಾಯಿಗೆ, ಮಾಗಡಿ ರಸ್ತೆಯ ಕಡೆಯ ಒಬ್ಬರು ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದ್ದರು. "ಸಿಂಗಲ್ ಓನರ್ ಸರ್, ತಮ್ಮ ಗೇಮ್ ಆಡೋಕೆ ಇಟ್ಕೊಂಡಿದ್ದ, ಮೈನಿಂಗ್ ಗೀನಿಂಗ್ ಏನೂ ಮಾಡಿಲ್ಲ" ಎಂದು ಫೋನಿನಲ್ಲಿ ಭರವಸೆ ಕೊಟ್ಟರು. ಮೈನಿಂಗ್ ಎಂದರೆ ಕ್ರಿಪ್ಟೊ ಹಣ ಗಳಿಸಲು ಕಾರ್ಡನ್ನು ಬಿಡುವಿಲ್ಲದೆ ಲೆಕ್ಕಕ್ಕೆ ಹಚ್ಚುವುದು. ಹಳೆಯ ಬೈಕ್ ಮಾರುವವರ ಮಾತು ಈಗ ಗ್ರಾಫಿಕ್ಸ್ ಕಾರ್ಡಿಗೂ ಬಂದಿದೆ.

ಅವರ ಮನೆಯಲ್ಲಿ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಟ್ಟು, ಒಂದು ಟೇಬಲ್ ಫ್ಯಾನನ್ನು ನೇರವಾಗಿ ಅದರೊಳಕ್ಕೆ ತಿರುಗಿಸಿದ್ದರು. "ರೂಮಲ್ಲಿ ಸೆಕೆ" ಎಂಬುದು ಅದಕ್ಕೆ ಕೊಟ್ಟ ಕಾರಣ. ಆಟ ಸರಾಗವಾಗಿ ಓಡಿತು, ವಿಂಡೋಸ್ ಆರ್‌ಎಕ್ಸ್ 580 ಎಂದೇ ಹೆಸರು ತೋರಿಸಿತು, ಯುಪಿಐ ಮೂಲಕ ಹಣ ಪಾವತಿಯಾಯಿತು. ಮನೆಯಲ್ಲಿ ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ಅದೇ ಕಾರ್ಡ್ ಇಪ್ಪತ್ತು ನಿಮಿಷದ ಆಟ ಮುಗಿಯುವಷ್ಟರಲ್ಲಿ ಪರದೆಯ ತುಂಬ ಬಣ್ಣಬಣ್ಣದ ಚೌಕಗಳನ್ನು ಚೆಲ್ಲಿ, ಪರದೆಯನ್ನು ಕಪ್ಪಾಗಿಸಿತು. ಆರಿಸಿ, ತಣ್ಣಗಾದ ಮೇಲೆ ಮತ್ತೆ ಹಾಕಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಕರೆ ಮಾಡಿದಾಗ "ಓಡಿಸಿ ತೋರಿಸಿದ್ದೀನಲ್ಲ ಸರ್, ನಿಮ್ಮ ಎಸ್‌ಎಂಪಿಎಸ್ಸೇ ಸರಿ ಇಲ್ಲ" ಎಂದರು. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಆ ಎಸ್‌ಎಂಪಿಎಸ್ ಹೊಸದು, 550 ವ್ಯಾಟ್‌ನದು, ಬಿಲ್ ಸಮೇತ ಕೊಂಡದ್ದು ಎಂದು ಹೇಳಿದ ಮೇಲೆ ನನ್ನ ನಂಬರ್ ಬ್ಲಾಕ್ ಆಯಿತು.

ಮೊದಲು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ಹಾಕಿ ನೋಡಿದಾಗ ಶೇಡರ್‌ಗಳ, ಅಂದರೆ ಚಿತ್ರ ಮೂಡಿಸುವ ಲೆಕ್ಕ ಮಾಡುವ ಸಣ್ಣ ಘಟಕಗಳ, ಸಂಖ್ಯೆ 2048 ಎಂದಿತ್ತು. 2017ರಲ್ಲಿ ಬಂದ ಅಸಲಿ ಆರ್‌ಎಕ್ಸ್ 580ರಲ್ಲಿ ಅದು 2304. 2048 ಇರುವ ಒಂದು ರೂಪವನ್ನು ಎಎಂಡಿ 2018ರಲ್ಲಿ ಚೀನಾದ ಮಾರುಕಟ್ಟೆಗಾಗಿ ಅದೇ 580ರ ಹೆಸರಿನ ಕೊನೆಗೆ '2048ಎಸ್‌ಪಿ' ಎಂದು ಸೇರಿಸಿ ಬಿಟ್ಟಿತ್ತು. ಶೇಡರ್‌ಗಳ ಲೆಕ್ಕದಲ್ಲಿ ಅದು ಆರ್‌ಎಕ್ಸ್ 570ಕ್ಕೆ ಸಮ. ಅದು ಕೆಟ್ಟ ಕಾರ್ಡೇನಲ್ಲ. ಆದರೆ 580ರ ಬೆಲೆಗೆ, 580 ಎಂದು ಹೇಳಿ ಮಾರಿದ್ದು ವಂಚನೆಯೇ.

ನಿಜವಾದ ರೋಗ ಗೊತ್ತಾದದ್ದು ಎಸ್.ಪಿ. ರಸ್ತೆಯ ರಿಪೇರಿಯವರೊಬ್ಬರು ಕಾರ್ಡಿನ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕ್ ಬಿಚ್ಚಿದಾಗ. ಸ್ಕ್ರೂಗಳ ತಲೆ ಸವೆದಿದ್ದವು, ಚಿಪ್ ಮತ್ತು ಹೀಟ್‌ಸಿಂಕ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಮಾತ್ರ ಹೊಚ್ಚ ಹೊಸದು. ಸುತ್ತಲಿನ ಎಂಟು ಮೆಮೊರಿ ಚಿಪ್‌ಗಳಲ್ಲಿ ಏಳು ಒಂದು ಕಂಪನಿಯವಾದರೆ ಒಂದು ಬೇರೆಯದು, ಅದರ ಅಂಚಿನಲ್ಲಿ ಬೆಸುಗೆಗೆ ಹಚ್ಚುವ ಕಂದು ಬಣ್ಣದ ಫ್ಲಕ್ಸ್ ಇನ್ನೂ ಅಂಟಂಟಾಗಿತ್ತು. "ಸರ್, ಚಿಪ್ ಬದಲಾಯಿಸಿ ಹೀಟ್ ಕೊಟ್ಟಿದಾರೆ. ತಣ್ಣಗಿರೋವರೆಗೂ ಓಡುತ್ತೆ" ಎಂದರು. ಈ ಚಿಪ್‌ಗಳನ್ನು ಬೋರ್ಡಿಗೆ ಹಿಡಿದಿರುವುದು ಕೆಳಗಿನ ಸಣ್ಣ ಗುಂಡುಗಳಂಥ ಬೆಸುಗೆ. ಬೆಸುಗೆ ಸರಿಯಾಗಿ ಕೂಡದಿದ್ದರೆ ಬಿಸಿಗೆ ಬೋರ್ಡ್ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ, ಆರಿದಾಗ ಮತ್ತೆ ಕೂಡುತ್ತದೆ. ಟೇಬಲ್ ಫ್ಯಾನ್ ಅಲ್ಲಿ ಏಕಿತ್ತೆಂದು ಆಗ ಅರ್ಥವಾಯಿತು.

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ಹಣದ ಮೈನಿಂಗ್ ನಿಂತ ಮೇಲೆ ಇಂಥ ಕಾರ್ಡುಗಳು ಹಳೆಯ ಮಾರುಕಟ್ಟೆಗೆ ರಾಶಿ ರಾಶಿಯಾಗಿ ಬಂದವು. ಆ ಮೈನಿಂಗ್‌ಗೆ ಕಾರ್ಡಿನ ಮೆಮೊರಿಯಲ್ಲಿ ಹಿಡಿಸಬೇಕಾದ ದತ್ತಾಂಶದ ಕಡತ 4 ಜಿಬಿ ಮೀರಿ ಬೆಳೆದಿದ್ದರಿಂದ, ಈ ಸರಣಿಯಲ್ಲಿ ಗಣಿಗಾರರಿಗೆ (ಮೈನಿಂಗ್ ಮಾಡುವವರಿಗೆ) ಬೇಕಾಗಿದ್ದುದು 8 ಜಿಬಿ ಕಾರ್ಡುಗಳೇ, ಅವುಗಳಲ್ಲಿ ಹಗಲಿರುಳು ದುಡಿಯುತ್ತಿದ್ದುದು ಹೆಚ್ಚಾಗಿ ಮೆಮೊರಿಯೇ. ಮೈನಿಂಗ್ ಮಾಡಿದ ಕಾರ್ಡೆಲ್ಲ ತಿಪ್ಪೆಗೆ ಎಂದು ನಾನು ಹೇಳುವುದಿಲ್ಲ. ಕಡಿಮೆ ವೋಲ್ಟೇಜಿನಲ್ಲಿ, ಗಾಳಿಯಾಡುವ ಕಡೆ ಓಡಿದ ಕಾರ್ಡು ದೂಳು ತುಂಬಿದ ಗೇಮಿಂಗ್ ಪಾರ್ಲರಿನ ಕಾರ್ಡಿಗಿಂತ ಚೆನ್ನಾಗಿರಬಹುದು. ಆದರೆ ಮೈನಿಂಗ್ ಮಾಡಿದ ಕಾರ್ಡುಗಳ ಬಯೋಸ್, ಅಂದರೆ ಕಾರ್ಡಿನೊಳಗೇ ಇರುವ ಮೂಲ ತಂತ್ರಾಂಶ, ತಿದ್ದಿರುವುದು ಸಾಮಾನ್ಯ, ತಿದ್ದಿದ ಬಯೋಸ್ ಇದ್ದರೆ ಎಎಂಡಿಯ ಡ್ರೈವರ್ ಒಪ್ಪದೆ ಹಟ ಹಿಡಿಯುವುದೂ ಉಂಟು.

ಎಎಂಡಿಯ ಪ್ರತಿಸ್ಪರ್ಧಿ ಎನ್‌ವಿಡಿಯಾದ ಹಳೆಯ ಕಾರ್ಡುಗಳನ್ನು ಮಾರುವವರ ಮೋಸ ಇನ್ನೊಂದು ಬಗೆಯದು. ಹತ್ತು ವರ್ಷಕ್ಕೂ ಹಳೆಯ ಜಿಟಿಎಸ್ 450ರಂಥ ಕಾರ್ಡುಗಳ ಬಯೋಸ್ ಬದಲಿಸಿ ಜಿಟಿಎಕ್ಸ್ 1050 ಟಿಐ ಎಂದು ಮಾರುತ್ತಾರೆ. ವಿಂಡೋಸಿನಲ್ಲಿ ಕಾಣುವ ಹೆಸರು ಸುಳ್ಳಾಗಬಹುದು, ಜಿಪಿಯು-ಝಡ್ ಇಂಥ ಹಲವನ್ನು ನಕಲಿ ಎಂದೇ ತೋರಿಸುತ್ತದೆ. ಕಣ್ಣಿಗೂ ಒಂದು ಗುರುತಿದೆ: 1050 ಟಿಐ ಎಂದು ಹೇಳುವ ಕಾರ್ಡಿನ ಹಿಂದೆ ಹಳೆಯ ನೀಲಿ ವಿಜಿಎ ಕಿಂಡಿ ಕಂಡರೆ ಅನುಮಾನಪಡಲೇಬೇಕು, ಏಕೆಂದರೆ ಆ ತಲೆಮಾರಿನ ಚಿಪ್‌ಗಳಿಂದ ಅನಲಾಗ್ ಸಿಗ್ನಲ್ಲೇ ಹೊರಬರುವುದಿಲ್ಲ.

ಆದ್ದರಿಂದ ಹೋಗುವಾಗ ಜಿಪಿಯು-ಝಡ್ ಜೊತೆಗೆ, ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಫರ್‌ಮಾರ್ಕ್ ಮತ್ತು ಒಸಿಸಿಟಿ ತಂತ್ರಾಂಶಗಳಿರುವ ಪೆನ್‌ಡ್ರೈವ್ ಜೇಬಿನಲ್ಲಿರಲಿ. ಕ್ಯಾಬಿನೆಟ್ ಮುಚ್ಚಿಸಿ, ಹೊರಗಿನ ಫ್ಯಾನ್ ಆರಿಸಿ, ಕನಿಷ್ಠ ಅರ್ಧ ಗಂಟೆ ಫರ್‌ಮಾರ್ಕ್ ಓಡಿಸಿ ಕಾರ್ಡನ್ನು ಬಿಸಿ ಮಾಡಿ, ಅದು ಬಿಸಿಯಾಗಿರುವಾಗಲೇ ಒಸಿಸಿಟಿಯಲ್ಲಿ ಮೆಮೊರಿ ಪರೀಕ್ಷೆ ಮಾಡಿ. ಅದರಲ್ಲಿ ಒಂದೇ ಒಂದು ದೋಷ ಕಂಡರೂ ಎದ್ದು ಬನ್ನಿ. ಸೀರಿಯಲ್ ನಂಬರಿನ ಸ್ಟಿಕ್ಕರ್ ಕಿತ್ತಿದ್ದರೆ ಕಾರಣ ಕೇಳಿ.

ಅಂಗಡಿಯಲ್ಲಿ ಕೊಂಡರೆ ಸೀರಿಯಲ್ ನಂಬರ್ ಮತ್ತು ಟೆಸ್ಟಿಂಗ್ ವಾರಂಟಿಯ ಅವಧಿ ಬರೆದ ಬಿಲ್ ಕೇಳಿ ಪಡೆಯಿರಿ. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಕೈಯಲ್ಲೊಂದು ಆಧಾರವಿರುತ್ತದೆ. ಮುಂಗಡ ಹಣ ಕಟ್ಟಿಸಿಕೊಂಡು ವಸ್ತುವನ್ನೇ ಕಳಿಸದೆ ಮಾಯವಾದರೆ ತಡಮಾಡದೆ ಸೈಬರ್ ವಂಚನೆಯ 1930ಕ್ಕೆ ಕರೆ ಮಾಡಿ. ಖಾಸಗಿ ವ್ಯಕ್ತಿಯಿಂದ ಬಿಲ್ಲಿಲ್ಲದೆ ಕೊಂಡ ವಸ್ತುವಿನ ದೋಷವನ್ನು ಸಾಬೀತುಪಡಿಸುವುದು ಕಷ್ಟ, ಆದ್ದರಿಂದ ಮನೆ ಬಿಡುವ ಮೊದಲೇ "ಅರ್ಧ ಗಂಟೆ ಫರ್‌ಮಾರ್ಕ್ ಓಡಿಸ್ತೀನಿ, ಒಪ್ಪಿಗೆಯಾ?" ಎಂದು ಸಂದೇಶ ಕಳಿಸಿ, ಅವರ ಉತ್ತರವನ್ನು ಉಳಿಸಿಟ್ಟುಕೊಳ್ಳಿ. ಈಚೆಗೆ ನಾನು ಹೀಗೆ ಕೇಳಿದ ಮೇಲೆ ಕೆಲವರು ಉತ್ತರವನ್ನೇ ಕೊಟ್ಟಿಲ್ಲ, ಅಷ್ಟರಮಟ್ಟಿಗೆ ಪೆಟ್ರೋಲ್ ಉಳಿದಿದೆ.