ಮೇಲ್ದವಡೆಯ ಇಂಪ್ಲಾಂಟ್‌ಗೆ ಮುನ್ನ: ಒಪಿಜಿಯೋ, ಸಿಬಿಸಿಟಿಯೋ?

ಮೇಲಿನ ದವಡೆ ಹಲ್ಲು ಕಿತ್ತು ವರ್ಷಗಳಾಗಿದ್ದರೆ ಸೈನಸ್ (ಮೇಲ್ದವಡೆಯ ಮೇಲಿರುವ ಗಾಳಿಯ ಪೊಳ್ಳು) ಕೆಳಗಿಳಿದು, ಇಂಪ್ಲಾಂಟ್ (ಎಲುಬಿನಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು) ಹಿಡಿದು ನಿಲ್ಲಬೇಕಾದ ಎಲುಬು ತೆಳುವಾಗಿರಬಹುದು. ಅದನ್ನು ಅಳೆಯಲು ಒಪಿಜಿ (ಎರಡೂ ದವಡೆಗಳನ್ನು ಒಂದೇ ಚಪ್ಪಟೆ ಚಿತ್ರದಲ್ಲಿ ತೋರಿಸುವ ಎಕ್ಸ್-ರೇ) ತೆಗೆಸಬೇಕೋ, ಸಿಬಿಸಿಟಿ (ದವಡೆಯ ಮೂರು ಆಯಾಮದ ಸ್ಕ್ಯಾನ್) ತೆಗೆಸಬೇಕೋ ಎಂದು ಕೇಳಿದ್ದೀರಿ.

ಖರ್ಚು, ವಿಕಿರಣ ಎರಡರಲ್ಲೂ ಒಪಿಜಿ ಹಗುರ. ಆದರೆ ಅದು ಎಲುಬಿನ ಅಗಲವನ್ನು ತೋರಿಸದು, ಎತ್ತರವನ್ನೂ ಹಿಗ್ಗಿಸಿ ತೋರಿಸುತ್ತದೆ: ಚಿತ್ರದಲ್ಲಿ 10 ಮಿ.ಮೀ. ಕಂಡದ್ದು ಬಾಯಲ್ಲಿ 8 ಮಾತ್ರ ಇದ್ದೀತು. ಸಿಬಿಸಿಟಿಯಲ್ಲಿ ಎತ್ತರ, ಅಗಲಗಳ ಜೊತೆಗೆ ಸೈನಸ್ಸಿನೊಳಗಿನ ಎಲುಬಿನ ಅಡ್ಡಗೋಡೆ ಮತ್ತು ದಪ್ಪಗಾದ ಒಳಪೊರೆ ಕೂಡ ಕಾಣುತ್ತವೆ. ಎಲುಬು ಸಾಲದಿದ್ದಾಗ ಸೈನಸ್ಸಿನ ಒಳಪೊರೆಯನ್ನು ಮೇಲೆತ್ತಿ ಅದರಡಿ ಎಲುಬು ತುಂಬುವ ಶಸ್ತ್ರಚಿಕಿತ್ಸೆಯಲ್ಲಿ ಇಂಥ ಅಡ್ಡಗೋಡೆಯ ಬಳಿ ಪೊರೆ ಹರಿಯುವ ಅಪಾಯ ಹೆಚ್ಚಿರುವುದರಿಂದ, ಇದನ್ನು ಮೊದಲೇ ತಿಳಿದಿರುವುದು ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯ.

ಇಂಪ್ಲಾಂಟ್ ಬೇಕೋ ಬ್ರಿಜ್ (ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಕೃತಕ ಹಲ್ಲು) ಸಾಕೋ ಎಂದು ಇನ್ನೂ ಯೋಚಿಸುತ್ತಿರುವವರಿಗೆ ಒಪಿಜಿ ಸಾಕು. ಇಂಪ್ಲಾಂಟ್ ನಿಶ್ಚಯವಾಗಿ, ಎಲುಬು ಕಡಿಮೆಯೆಂಬ ಅನುಮಾನವಿದ್ದರೆ ಸಿಬಿಸಿಟಿಯೇ ಸೂಕ್ತ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ದಂತ ಕಾಲೇಜುಗಳಿವೆ. ಹಳ್ಳಿಯಿಂದ ಬರುವವರು ಅಲ್ಲಿ ಸಿಬಿಸಿಟಿ ಯಂತ್ರ ಲಭ್ಯವಿದೆಯೇ ಎಂದು ಮೊದಲೇ ವಿಚಾರಿಸಿ ಹೊರಡುವುದು ಒಳ್ಳೆಯದು.